ಅಜ್ಜನಿಗೂ ಮೊಮ್ಮಗಳಿಗೂ ಒಂದೇ ಪಾಠ: ತಂಬೂರಿ ಯಾವ ಮನೆಯಲ್ಲಿರಲಿ?

ಪ್ರಶ್ನೆ: ಬೇಸಿಗೆ ರಜೆಯಲ್ಲಿ ನಮ್ಮ ಬಡಾವಣೆಯ ವಾಚನಾಲಯದಲ್ಲಿ ಎಂಟು ಭಾನುವಾರ ಸಂಗೀತ ಶಿಬಿರ ನಡೆಸಬೇಕೆಂದಿದ್ದೇವೆ. ಆರು ವರ್ಷದ ಮಕ್ಕಳಿಂದ ಎಪ್ಪತ್ತು ದಾಟಿದ ಅಜ್ಜಂದಿರವರೆಗೆ ಹೆಸರು ಕೊಟ್ಟಿದ್ದಾರೆ. ಎಲ್ಲರಿಗೂ ಸರಳೆ ವರಸೆಯಿಂದಲೇ (ಸ್ವರಾಭ್ಯಾಸದ ಮೊದಲ ಪಾಠ) ಶುರು ಮಾಡಬೇಕೇ? ಕಳೆದ ವರ್ಷ ಎರಡನೇ ವಾರಕ್ಕೇ ಗಂಡಸರೆಲ್ಲ ಬರುವುದನ್ನು ಬಿಟ್ಟರು.
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಗಂಡಸರು ಆಸಕ್ತಿಯಿಲ್ಲದೆ ಬಿಟ್ಟರೆಂದು ನನಗನ್ನಿಸುವುದಿಲ್ಲ. ಕಳೆದ ವರ್ಷ ಶ್ರುತಿ, ಅಂದರೆ ಹಾಡಿಗೆ ಆಧಾರವಾದ ‘ಸ’ದ ಎತ್ತರ, ಯಾವುದಿತ್ತು? ಪಾಠ ಹೇಳಿದವರು ಮಹಿಳೆಯಾಗಿದ್ದರೆ ತಂಬೂರಿ ಐದು ಅಥವಾ ಐದೂವರೆ ಮನೆಯಲ್ಲಿ ಇದ್ದಿರಬೇಕು (ಮನೆ ಎಂದರೆ ಹಾರ್ಮೋನಿಯಂ ಕೀಲಿಗಳ ಲೆಕ್ಕದಲ್ಲಿ ಶ್ರುತಿಯ ಸ್ಥಾನ; ಅಂಕಿ ಹೆಚ್ಚಿದಷ್ಟೂ ಶ್ರುತಿ ಎತ್ತರ). ಅದು ಹೆಂಗಸರಿಗೆ, ಮಕ್ಕಳಿಗೆ ಹಿಡಿಸುವ ಶ್ರುತಿ. ಸಾಮಾನ್ಯ ಗಂಡಸಿನ ಕಂಠ ನಿಲ್ಲುವುದು ಒಂದು, ಒಂದೂವರೆ ಮನೆಯಲ್ಲಿ. ಐದು ಮನೆಯಲ್ಲಿ ಆತ ಮೇಲಿನ ಷಡ್ಜಕ್ಕೆ (‘ಸ’) ಹೋದರೆ ಕತ್ತಿನ ನರ ಉಬ್ಬುತ್ತದೆ. ಒಂದು ಸ್ಥಾಯಿ (ಒಂದು ‘ಸ’ದಿಂದ ಮುಂದಿನ ‘ಸ’ದವರೆಗಿನ ಅಂತರ) ಕೆಳಗೆ ಹಾಡೋಣವೆಂದರೆ ಷಡ್ಜವೇ ಕೇಳಿಸುವುದಿಲ್ಲ. ಎರಡು ಭಾನುವಾರ ಹೀಗೆ ಒದ್ದಾಡಿದವರು ‘ನಮಗೆ ಸಂಗೀತ ಒಗ್ಗದು’ ಎಂದುಕೊಂಡು ಮನೆಯಲ್ಲಿ ಉಳಿಯುತ್ತಾರೆ. ಅವರು ಜೀವನವಿಡೀ ಹಾಗೆಯೇ ನಂಬಿಬಿಡುತ್ತಾರಲ್ಲ, ನನಗೆ ಸಂಕಟವಾಗುವುದು ಅದಕ್ಕೆ.

ಸರಳೆ, ಜಂಟಿ ವರಸೆಗಳನ್ನು ಮಾಯಾಮಾಳವಗೌಳ ರಾಗದಲ್ಲಿ ಹೇಳಿಕೊಡುವ ಕ್ರಮವನ್ನು ಪುರಂದರದಾಸರು ಹಾಕಿಕೊಟ್ಟರು ಎಂಬುದು ನಮ್ಮ ಪರಂಪರೆಯ ನಂಬಿಕೆ. ವರ್ಷಗಟ್ಟಲೆ ಕಲಿಯುವವರಿಗೆ ಅದಕ್ಕಿಂತ ಒಳ್ಳೆಯ ಬುನಾದಿ ಇಲ್ಲ. ಆದರೆ ಮೊದಲ ವರಸೆಯೇ ಕೆಳಗಿನ ಷಡ್ಜದಿಂದ ಮೇಲಿನ ಷಡ್ಜದವರೆಗೆ ಪೂರ್ತಿ ಒಂದು ಸ್ಥಾಯಿ ಕೇಳುತ್ತದೆ. ಮಲಹರಿ ರಾಗದ ‘ಶ್ರೀ ಗಣನಾಥ’ ಗೀತೆ ಮೊದಲ ಸಾಲಿನಲ್ಲೇ ಮೇಲಿನ ಸ್ಥಾಯಿಯ, ಅಂದರೆ ತಾರ ಸ್ಥಾಯಿಯ, ರಿಷಭ (‘ರಿ’) ಮುಟ್ಟುತ್ತದೆ. ಒಬ್ಬೊಬ್ಬರಿಗೆ ಅವರವರ ಶ್ರುತಿಯಲ್ಲಿ ಪಾಠ ಹೇಳುವಾಗ ಇದು ತೊಡಕಲ್ಲ. ಅಜ್ಜ, ಮಗಳು, ಮೊಮ್ಮಗಳು ಒಂದೇ ಜಮಖಾನೆಯ ಮೇಲೆ ಕೂತಾಗ ತೊಡಕು.

ನಾನು ಹೇಳುವುದಿಷ್ಟು: ಎಂಟು ವಾರಕ್ಕೆ ಷಡ್ಜದಿಂದ ಪಂಚಮದೊಳಗೆ (‘ಪ’), ಹೆಚ್ಚೆಂದರೆ ಧೈವತದವರೆಗೆ (‘ಧ’) ಮುಗಿಯುವ ಹಾಡುಗಳನ್ನೇ ಆರಿಸಿ. ಜೋಗುಳ, ಸೋಬಾನೆ, ಕೋಲಾಟದ ಪದಗಳಲ್ಲಿ ಬೇಕಾದಷ್ಟು ಸಿಗುತ್ತವೆ. ಹೊಲದಲ್ಲಿ, ಅಂಗಳದಲ್ಲಿ ಊರವರೆಲ್ಲ ಕೂಡಿ ಹಾಡಿ ಬೆಳೆಸಿದ ಹಾಡುಗಳವು. ಯಾರ ಗಂಟಲಿಗೂ ಭಾರವಾಗುವುದಿಲ್ಲ. ತಂಬೂರಿಯನ್ನು ಆರು ಮನೆಗೆ ಇಡಿ. ಹೆಂಗಸರೂ ಮಕ್ಕಳೂ ಅಲ್ಲೇ ಹಾಡಲಿ, ಗಂಡಸರು ಒಂದು ಸ್ಥಾಯಿ ಕೆಳಗೆ. ಹಾಡು ಪಂಚಮ ದಾಟದಿದ್ದರೆ ಇಬ್ಬರಿಗೂ ಹಿತ. ತೀರಾ ಚಿಕ್ಕ ಮಕ್ಕಳು ಕೆಳಗಿನ ಸ್ವರದಲ್ಲಿ ಗೊಗ್ಗರು ದನಿ ಮಾಡುತ್ತಿದ್ದರೆ ಆರೂವರೆಗೆ ಏರಿಸಿ ನೋಡಿ. ಹನ್ನೆರಡು, ಹದಿಮೂರರ ಹುಡುಗರ ದನಿ ಒಡೆಯುವ ಕಾಲ; ಅವರನ್ನು ಒಬ್ಬೊಬ್ಬರನ್ನಾಗಿ ಎಬ್ಬಿಸಿ ಹಾಡಿಸಬೇಡಿ, ತಾಳದ ಹೊಣೆ ಕೊಡಿ. ಆದಿತಾಳದ ಎಂಟು ಅಕ್ಷರ, ಒಂದು ಪೆಟ್ಟು, ಕಿರುಬೆರಳಿನಿಂದ ಮೂರು ಎಣಿಕೆ, ಆಮೇಲೆ ಎರಡು ಸಲ ಪೆಟ್ಟು ಮತ್ತು ತಿರುವು. ಗುಂಪನ್ನು ಹಿಡಿದು ನಿಲ್ಲಿಸುವ ಕೆಲಸ ಅದು, ಅವರಿಗೆ ಗೌರವವೂ ಉಳಿಯುತ್ತದೆ.

ಮೊದಲ ಭಾನುವಾರ ಪುಸ್ತಕ, ಸ್ವರಲಿಪಿ ಏನನ್ನೂ ಕೊಡಬೇಡಿ. ಬರೆದದ್ದು ಕೈಗೆ ಬಂದ ಕೂಡಲೇ ಕಣ್ಣು ಕಾಗದದ ಮೇಲೆ ಹೋಗುತ್ತದೆ, ಕಿವಿ ಮುಚ್ಚುತ್ತದೆ.

ಇನ್ನೊಂದು ಮಾತು. ನಿಮ್ಮ ಊರಿಗೆ ಹತ್ತಿರವೇ ತುಂಗೆಯ ದಡದಲ್ಲಿ ಹೊಸಹಳ್ಳಿ ಇದೆ, ಕಾವ್ಯವಾಚನದ ಗಮಕಕ್ಕೆ ಹೆಸರಾದ ಊರು. 2022ರಲ್ಲಿ ಪದ್ಮಶ್ರೀ ಪಡೆದ ಎಚ್.ಆರ್. ಕೇಶವಮೂರ್ತಿಯವರು ಅಲ್ಲಿಯವರು. ಗಮಕಕ್ಕೆ ತಾಳದ ಕಟ್ಟಿಲ್ಲ; ಕುಮಾರವ್ಯಾಸನ ಒಂದು ಷಟ್ಪದಿಯನ್ನು ಅರ್ಥ ಬಿಡಿಸಿಕೊಂಡು ರಾಗದಲ್ಲಿ ಓದುವುದು. ತಾಳ ತಪ್ಪೀತೆಂದು ಹೆದರುವ ಹಿರಿಯರಿಗೆ ಇದು ಬಲು ಬೇಗ ಒಲಿಯುತ್ತದೆ. ಒಂದು ಭಾನುವಾರ ಅಲ್ಲಿಂದ ಗಮಕಿಗಳನ್ನು ಕರೆಸಿ.

ಪ್ರಶ್ನೆ: ನನಗೆ 61 ವರ್ಷ. ಸಣ್ಣವಳಿದ್ದಾಗ ಪಾಠಕ್ಕೆ ಹೋಗುತ್ತಿದ್ದೆ. ‘ಶ್ರುತಿ ಸೇರಲ್ಲ’ ಎಂದು ಮೇಷ್ಟ್ರು ವಾಪಸು ಕಳಿಸಿದರು. ಈಗ ಮೊಮ್ಮಗಳ ಜೊತೆ ಕಲಿಯುವ ಆಸೆ. ಆದೀತೇ?
— ಓದುಗರೊಬ್ಬರು, ತುಮಕೂರು

ಉತ್ತರ: ಆಗುತ್ತದೆ ತಾಯಿ. ಮೇಷ್ಟ್ರು ಯಾವ ಶ್ರುತಿಯಲ್ಲಿ ಹಾಡಿ ತೋರಿಸುತ್ತಿದ್ದರು, ನೆನಪಿದೆಯೇ? ಗಂಡು ದನಿಯ ಷಡ್ಜ ಕೇಳಿ ಅದನ್ನೇ ಹಿಡಿಯಲು ಹೋದ ಹುಡುಗಿಯರು ಅಲ್ಲಿಗೂ ಇಲ್ಲ ಇಲ್ಲಿಗೂ ಇಲ್ಲದ ನಡುವಿನ ಸ್ವರದಲ್ಲಿ ಸಿಕ್ಕಿಕೊಳ್ಳುವುದನ್ನು ಪಾಠದಲ್ಲಿ ಎಷ್ಟೋ ಸಲ ನೋಡಿದ್ದೇನೆ. ಅದು ಕಿವಿಯ ದೋಷವಲ್ಲ.

ಈಗ ಹೀಗೆ ಮಾಡಿ. ತಂಬೂರಿ ಹಾಕುವ ಮೊದಲೇ, ಬಾಯಿ ಮುಚ್ಚಿ, ಮಾತಾಡುವ ದನಿಯಲ್ಲೇ ‘ಮ್’ ಎಂದು ಒಂದು ಸ್ವರ ಎಳೆಯಿರಿ. ಕಲಿಸುವವರು ನಿಮ್ಮ ಆ ಸ್ವರಕ್ಕೆ ತಮ್ಮ ದನಿ ಸೇರಿಸಲಿ; ಎರಡು ದನಿ ಕೂಡಿದಾಗ ಮೂಗಿನ ಬುಡದಲ್ಲಿ ಒಂದು ಕಂಪನ ತಿಳಿಯುತ್ತದೆ. ಆಮೇಲೆ ಅವರು ಅರ್ಧ ಸ್ವರ ಸರಿಯಲಿ, ನೀವು ಕೆಳಗಿನಿಂದ ಜಾರುತ್ತಾ ಬಂದು ಹಿಡಿಯಿರಿ. ದಿನಕ್ಕೆ ಹತ್ತು ನಿಮಿಷ ಸಾಕು. ಮುಟ್ಟು ನಿಂತ ಮೇಲೆ ಹೆಂಗಸರ ದನಿ ಸ್ವಲ್ಪ ಇಳಿಯುವುದು ಸಹಜ, ಹಾಗಾಗಿ ನಿಮಗೆ ನಾಲ್ಕು ಅಥವಾ ನಾಲ್ಕೂವರೆ ಮನೆ ಹೊಂದಬಹುದು. ಮೊಮ್ಮಗಳಿಗೆ ಐದೂವರೆ, ಆರು ಬೇಕಾದೀತು. ಪಾಠ ಜೊತೆಗೇ ಕೇಳಿ, ಸಾಧನೆ ಮಾತ್ರ ಬೇರೆ ಬೇರೆ ಮಾಡಿ.

ಪ್ರಶ್ನೆ: ನಮ್ಮ ಕನ್ನಡ ಸಂಘದ ಮಕ್ಕಳಿಗೂ ಪಾಲಕರಿಗೂ ಮೈಸೂರಿನ ಗುರುಗಳಿಂದ ವಿಡಿಯೊ ಕರೆಯಲ್ಲಿ ಪಾಠ. ಎಲ್ಲರೂ ಕೂಡಿ ಹಾಡಿದರೆ ಗೊಜಲು ಗೊಜಲು. ಪರಿಹಾರ ಉಂಟೇ?
— ಓದುಗರೊಬ್ಬರು, ಮೆಲ್ಬರ್ನ್

ಉತ್ತರ: ದನಿ ಅಂತರಜಾಲದಲ್ಲಿ ಬಂದು ಮುಟ್ಟುವಷ್ಟರಲ್ಲಿ ತಾಳ ಜಾರಿರುತ್ತದೆ. ವಿಡಿಯೊ ಕರೆಯಲ್ಲಿ ಎಲ್ಲರೂ ಏಕಕಾಲಕ್ಕೆ ಹಾಡುವ ಆಸೆ ಬಿಡುವುದೇ ಲೇಸು. ಎಲ್ಲರ ಮೈಕ್ ಮುಚ್ಚಿರಲಿ. ಗುರುಗಳು ಒಂದು ಆವರ್ತ (ತಾಳದ ಒಂದು ಸುತ್ತು) ಹಾಡಿ, ಕೈಯಲ್ಲಿ ತಾಳ ಬಿಡದೆ, ಮುಂದಿನ ಆವರ್ತ ಸುಮ್ಮನಿರಲಿ. ಆ ಆವರ್ತದಲ್ಲಿ ನೀವು ನಿಮ್ಮ ಮನೆಯ ತಂಬೂರಿ ಆ್ಯಪ್‌ಗೆ ಸೇರಿಸಿ ಹಾಡಿ. ಕೊನೆಯ ಹದಿನೈದು ನಿಮಿಷ ಒಬ್ಬೊಬ್ಬರೇ ಮೈಕ್ ತೆರೆದು ಒಪ್ಪಿಸಿದರಾಯಿತು. ಒಂದು ಮರೆಯಬೇಡಿ: ವಿಡಿಯೊ ಕರೆಯ ಆ್ಯಪ್‌ಗಳು ತಂಬೂರಿಯ ನಾದವನ್ನು ಫ್ಯಾನಿನ ಸದ್ದೆಂದು ತಿಳಿದು ಅಳಿಸಿಹಾಕುತ್ತವೆ. ಜೂಮ್‌ನಲ್ಲಿ ‘ಒರಿಜಿನಲ್ ಸೌಂಡ್’ ಎಂಬ ಆಯ್ಕೆಯಿದೆ, ಅದನ್ನು ಗುರುಗಳ ಕಡೆಯೂ ನಿಮ್ಮ ಕಡೆಯೂ ಹಾಕಿಕೊಳ್ಳಿ. ಕೂಡಿ ಹಾಡುವುದಕ್ಕೆ ತಿಂಗಳಿಗೊಮ್ಮೆಯಾದರೂ ಸಂಘದವರೆಲ್ಲ ಯಾರದಾದರೂ ಮನೆಯಲ್ಲಿ ಸೇರಿ. ಗುರುಗಳು ಬೇಕಿಲ್ಲ, ಅವರು ಹೇಳಿಕೊಟ್ಟದ್ದನ್ನೇ ಹಾಡಿ.