ಟರ್ನ್ ಕಾರ್ಡ್ ಬೇಗ ತೆರೆದುಬಿಟ್ಟರೆ

ಪೋಕರ್‌ನ ಹೋಲ್ಡೆಮ್ ಆಟದಲ್ಲಿ ಫ್ಲಾಪ್ (ಮೇಜಿನ ಮೇಲೆ ಎಲ್ಲರಿಗೂ ಸೇರಿ ತೆರೆಯುವ ಮೊದಲ ಮೂರು ಎಲೆ) ಮೇಲೆ ಒಬ್ಬರ ಬೆಟ್ ಬಾಕಿ ಇರುವಾಗಲೇ ಡೀಲರ್ ಟರ್ನ್ (ನಾಲ್ಕನೇ ಎಲೆ) ತೆರೆದರೆ ಆಟ ರದ್ದಾಗುತ್ತಾ ಅಂತ ಕೇಳಿದ್ದೀರಿ. ದಯವಿಟ್ಟು ರದ್ದು ಮಾಡಬೇಡಿ. ಪಾಟ್‌ನಲ್ಲಿ (ಎಲ್ಲರ ಬೆಟ್ ಸೇರುವ ರಾಶಿಯಲ್ಲಿ) ಆಗಲೇ ದುಡ್ಡು ಬಿದ್ದಿದೆ, ಅಲ್ವಾ?

ಹೋಲ್ಡೆಮ್ ಟೂರ್ನಮೆಂಟ್‌ಗಳಲ್ಲಿ ಹೀಗೆ ಮಾಡುತ್ತಾರೆ. ಬೇಗ ತೆರೆದ ಎಲೆಯನ್ನು ಪಕ್ಕಕ್ಕಿಡಿ. ಬಾಕಿ ಬೆಟ್ಟಿಂಗ್ ಮುಗಿಸಿ. ಇನ್ನೊಂದು ಎಲೆ ಬರ್ನ್ ಮಾಡಿ, ಅಂದರೆ ಕಟ್ಟಿನ ಮೇಲಿನ ಎಲೆಯನ್ನು ತೆರೆಯದೆ ಆಟದಿಂದ ತೆಗೆದಿಡಿ. ಅದರ ಮುಂದಿನದು, ಅಂದರೆ ರಿವರ್ (ಐದನೇ, ಕೊನೆಯ ಎಲೆ) ಆಗಬೇಕಿದ್ದ ಎಲೆ, ಈಗ ಟರ್ನ್. ಆ ಸುತ್ತಿನ ಬೆಟ್ಟಿಂಗ್ ಆದಮೇಲೆ, ಪಕ್ಕಕ್ಕಿಟ್ಟ ಎಲೆಯನ್ನು ಉಳಿದ ಕಟ್ಟಿಗೆ ಸೇರಿಸಿ ಕಲಸಿ, ಬರ್ನ್ ಮಾಡದೆ ರಿವರ್ ತೆರೆಯಿರಿ. ಬರ್ನ್ ಆದ ಎಲೆಗಳು, ಫೋಲ್ಡ್ ಆದ (ಆಟ ಬಿಟ್ಟವರು ಕೆಳಗಿಟ್ಟ) ಎಲೆಗಳು ಕಟ್ಟಿಗೆ ಸೇರಲೇಬಾರದು.

ಫ್ಲಾಪ್ ಬೇಗ ಬಿದ್ದರೆ ಇನ್ನೂ ಸುಲಭ. ಮೂರೂ ಎಲೆ ವಾಪಸ್, ಕಲಸಿ ಮತ್ತೆ ಫ್ಲಾಪ್, ಹೊಸ ಬರ್ನ್ ಬೇಡ.

ತಪ್ಪು ಕಂಡ ಕೂಡಲೇ ಆಟ ನಿಲ್ಲಿಸಿ. ಎಲೆಗಳು ಬೆರೆತುಹೋದರೆ ಸರಿಪಡಿಸುವುದು ಕಷ್ಟ.