ಓರ್ಛಾದಲ್ಲಿ ಅಮ್ಮನ ಮಂಡಿ

ಪ್ರಶ್ನೆ: ಅಪ್ಪ-ಅಮ್ಮನನ್ನು ಮಧ್ಯಪ್ರದೇಶದ ಓರ್ಛಾಕ್ಕೆ ಕರೆದೊಯ್ಯಬೇಕು. ಅಮ್ಮನಿಗೆ ಮಂಡಿನೋವು. ಒಂದು ದಿನ ಸಾಕಾ?
– ಓದುಗರು, ತುಮಕೂರು

ಉತ್ತರ: ಒಂದು ರಾತ್ರಿ ಉಳಿಯಿರಿ. ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಹೋಗಿ ಝಾನ್ಸಿಯಲ್ಲಿ ಇಳಿದರೆ, ಅಲ್ಲಿಂದ ಆಟೊ ಸಿಗುತ್ತದೆ. 20 ಕಿ.ಮೀ. ಒಳಗೇ. ಅಲ್ಲಿನ ಕೋಟೆಯೊಳಗಿನ ಅರಮನೆ ಜಹಾಂಗೀರ್ ಮಹಲಿನ ಮೆಟ್ಟಿಲು ಮಾತ್ರ ಬಲು ಕಡಿದು, ಸಾಲದ್ದಕ್ಕೆ ಕತ್ತಲು ಬೇರೆ. ನಾನೇ ಗೋಡೆ ಹಿಡಿದು ಇಳಿದಿದ್ದೆ! ಅಮ್ಮ ಕೆಳಗಿನ ಅಂಗಳದಲ್ಲೇ ಕೂತಿರಲಿ.

ರಾಮರಾಜ ದೇವಸ್ಥಾನ ತಪ್ಪಿಸಬೇಡಿ. ಅದು ಹಿಂದೆ ರಾಣಿಯ ಅರಮನೆ. ಅಲ್ಲಿ ರಾಮ ಬರೀ ದೇವರಲ್ಲ, ಊರಿನ ರಾಜ. ಅದಕ್ಕೇ ಪೊಲೀಸರು ಬಂದೂಕು ಹಿಡಿದು ಗೌರವ ವಂದನೆ ಸಲ್ಲಿಸುತ್ತಾರೆ. ಮಧ್ಯಾಹ್ನ ಬಾಗಿಲು ಹಾಕಿರುತ್ತದೆ, ಬೆಳಿಗ್ಗೆಯೇ ಹೋಗಿ.

ಸಂಜೆ ಬೇತ್ವಾ ನದಿ ದಡದಲ್ಲಿ ಸುಮ್ನೆ ಕೂತ್ಕೊಳ್ಳಿ. ರಾಜರ ನೆನಪಿಗೆ ಕಟ್ಟಿದ ಸ್ಮಾರಕ ಮಂಟಪಗಳ (ಛತ್ರಿ) ಮೇಲೆ ರಣಹದ್ದು ಕಂಡರೆ ಅಪ್ಪನಿಗೆ ತೋರಿಸಿ.