‘ಫೊಯರ್‌ಫೆರ್‌ತ್ಸಿಂಕ್ಟ್’ ಅಂದ್ರೆ ಬೆಂಕಿ ತಡೆಯೋದಾ?

ಜರ್ಮನ್ ಬೋಲ್ಟಿನ ಡಬ್ಬಿ ಮೇಲೆ ‘ಫೊಯರ್‌ಫೆರ್‌ತ್ಸಿಂಕ್ಟ್’ ಅಂತಿದೆ, ‘ಫೊಯರ್’ ಅಂದ್ರೆ ಬೆಂಕಿ, ಹಾಗಾದ್ರೆ ಇದು ಬೆಂಕಿ ತಡೆಯುವ ಬೋಲ್ಟಾ ಅಂತ ಕೇಳಿದ್ದೀರಿ. ಅಲ್ಲ. ನಮ್ಮ ಅಂಗಡಿಗಳಲ್ಲಿ ಜಿ.ಐ. (ಗ್ಯಾಲ್ವನೈಸ್ಡ್ ಐರನ್) ಅಂತಾರಲ್ಲ, ಆ ಜಾತಿ. ಕರಗಿದ ಸತುವಿನಲ್ಲಿ ಅದ್ದಿ ತೆಗೆದದ್ದು.

ಪದವನ್ನು ಹಿಂದಿನಿಂದ ಬಿಡಿಸಿದರೆ ಸುಲಭ. ‘ತ್ಸಿಂಕ್’ ಅಂದ್ರೆ ಸತು. ‘ತ್ಸಿಂಕೆ’ ಅಂದ್ರೆ ಬಾಚಣಿಗೆಯದೋ ಫೋರ್ಕಿನದೋ ಹಲ್ಲು. ಕುಲುಮೆಯಲ್ಲಿ ಈ ಲೋಹ ಚೂಪು ಚೂಪಾಗಿ ಹೆಪ್ಪುಗಟ್ಟುತ್ತಿತ್ತು, ಹೆಸರು ಬಂದದ್ದು ಅದರಿಂದಲೇ ಅಂತ ಸಾಮಾನ್ಯವಾಗಿ ಹೇಳುತ್ತಾರೆ. 16ನೇ ಶತಮಾನದ ವೈದ್ಯ ಪ್ಯಾರಾಸೆಲ್ಸಸ್ ಬರಹದಲ್ಲೇ ಈ ಹೆಸರಿದೆ. ಮುಂದಿರುವ ‘ಫೆರ್’ ಲೋಹದ ಹೆಸರಿಗೆ ಅಂಟಿಕೊಂಡರೆ ಆ ಲೋಹದ ಲೇಪ ಕೊಡು ಅಂತ ಅರ್ಥ. ಚಿನ್ನ ‘ಗೋಲ್ಡ್’, ಚಿನ್ನದ ನೀರು ಕೊಡೋದು ‘ಫೆರ್‌ಗೋಲ್ಡನ್’. ಕೊನೆಯ ‘ಟ್’ ನಮ್ಮ ‘ಮಾಡಿದ’, ‘ಬಳಿದ’ಗಳ ‘ದ’ ಮಾಡುವ ಕೆಲಸವನ್ನೇ ಮಾಡುತ್ತೆ.

ಗೊಂದಲ ಇರೋದು ಬೆಂಕಿಯಲ್ಲೇ. ಸಮಾಸದಲ್ಲಿ ವಿಭಕ್ತಿ ಬಿದ್ದುಹೋಗುತ್ತೆ ಅಂತ ಶಾಲೆಯಲ್ಲಿ ಓದಿದ್ದೀವಲ್ವಾ? ಕೈಬರಹ ಅಂದ್ರೆ ಕೈಯಿಂದ ಬರೆದದ್ದು, ಕೈಚೀಲ ಅಂದ್ರೆ ಕೈಯಲ್ಲಿ ಹಿಡಿಯೋದು, ‘ಕೈ’ ಮಾತ್ರ ಎರಡರಲ್ಲೂ ಒಂದೇ. ಜರ್ಮನ್ನಿನಲ್ಲೂ ಇದೇ ಕಥೆ. ‘ಫೊಯರ್‌ಫೆಸ್ಟ್’ ಅಂದ್ರೆ ಬೆಂಕಿಗೆ ಜಗ್ಗದ್ದು, ನೀವು ಅಂದುಕೊಂಡದ್ದು ಅದನ್ನ. ನಿಮ್ಮ ಬೋಲ್ಟಿನಲ್ಲಿ ಬೆಂಕಿ ಬರೀ ವಿಧಾನ. ಸತು ಸುಮಾರು 420 ಡಿಗ್ರಿಗೆ ಕರಗುತ್ತೆ, ತೊಟ್ಟಿಯನ್ನು ಸುಮಾರು 450 ಡಿಗ್ರಿಯಲ್ಲಿ ಇಟ್ಟಿರುತ್ತಾರೆ. ಪಾದರಸದಲ್ಲಿ ಚಿನ್ನ ಬೆರೆಸಿ ಬಳಿದು, ಕಾಯಿಸಿ ಪಾದರಸ ಹಾರಿಸುವ ಹಳೆಯ ಕಸುಬಿಗೂ ‘ಫೊಯರ್‌ಫೆರ್‌ಗೋಲ್ಡೆಟ್’ ಅಂತಲೇ ಹೆಸರು.

ವಿದ್ಯುತ್ತಿನಿಂದ ಲೇಪಿಸಿದರೆ ‘ಗಾಲ್ವಾನಿಶ್ ಫೆರ್‌ತ್ಸಿಂಕ್ಟ್’. ಇದು ಸರಿಯಾದ ಹೆಸರು, ಯಾಕಂದ್ರೆ ಕಪ್ಪೆಕಾಲಿಗೆ ಕರೆಂಟ್ ಮುಟ್ಟಿಸಿ ನೋಡಿದ ಇಟಲಿಯ ಗಾಲ್ವಾನಿ ಅದರಲ್ಲಿದ್ದಾನೆ. ಫ್ರೆಂಚರು, ಇಂಗ್ಲಿಷಿನವರು ಮಾತ್ರ ಬಿಸಿ ಸತುವಿನಲ್ಲಿ ಅದ್ದಿದ್ದಕ್ಕೂ ‘ಗ್ಯಾಲ್ವನೈಸ್ಡ್’ ಅಂದುಬಿಟ್ಟರು, ನಮ್ಮ ಜಿ.ಐ.ಯ ‘ಜಿ’ ಅಲ್ಲಿಂದಲೇ ಬಂದದ್ದು. 1837ರಲ್ಲಿ ಫ್ರಾನ್ಸಿನ ಇಂಜಿನಿಯರ್ ಸೊರೆಲ್ ಈ ವಿಧಾನಕ್ಕೆ ಪೇಟೆಂಟ್ ತೆಗೆದುಕೊಂಡಾಗ, ಎರಡು ಲೋಹಗಳ ನಡುವಿನ ವಿದ್ಯುತ್ತಿನಿಂದಾಗಿ ಸತು ತಾನು ಸವೆದು ಕಬ್ಬಿಣವನ್ನು ತುಕ್ಕಿನಿಂದ ಉಳಿಸುತ್ತೆ ಅನ್ನೋ ಗುಣ ನೋಡಿ ಗಾಲ್ವಾನಿ ಹೆಸರು ಇಟ್ಟದ್ದು. ನನ್ನನ್ನು ಕೇಳಿದರೆ ಇಲ್ಲಿ ಜರ್ಮನ್ನರದೇ ಹೆಚ್ಚು ಪ್ರಾಮಾಣಿಕ.

ಹಳೇ ಜಿ.ಐ. ಬಕೆಟ್ ಮೇಲೆ ಹೂವಿನಂಥ ಬೂದು ಚಿತ್ತಾರ ಇರುತ್ತಲ್ಲ, ಅದು ತಣ್ಣಗಾಗುವಾಗ ಸತು ಕಟ್ಟಿದ ಹರಳು. ಜರ್ಮನ್ನರು ಅದಕ್ಕೆ ‘ತ್ಸಿಂಕ್‌ಬ್ಲೂಮೆ’, ಸತುವಿನ ಹೂ ಅಂತಾರೆ.

ಅಂದಹಾಗೆ, ಅದ್ದಿ ತೆಗೆದ ಲೇಪ ದಪ್ಪ. ಆ ಬೋಲ್ಟಿಗೆ ಮಾಮೂಲಿ ನಟ್ ಹತ್ತೋದಿಲ್ಲ, ಒಳಗಿನ ಮರೆ (ಥ್ರೆಡ್) ಸ್ವಲ್ಪ ಅಗಲ ಕೊರೆದ ನಟ್ಟನ್ನೇ ಕೇಳಿ ತಗೊಳ್ಳಿ.